ಚಿತ್ರದುರ್ಗದ ಮನೆಯಲ್ಲಿ ಅಪ್ಪ-ಅಮ್ಮ ಇಬ್ಬರೇ ಇರ್ತಾರೆ. ಎಷ್ಟು ಕ್ಯಾಮೆರಾ ಹಾಕಿಸಲಿ? ಅಪ್ಪನಿಗೆ ಬಂದೂಕಿನ ಲೈಸೆನ್ಸ್ ಮಾಡಿಸಲೇ?

ನಿಮ್ಮ ಪ್ರಶ್ನೆಯಲ್ಲಿ ಕ್ಯಾಮೆರಾ ಇದೆ, ಬಂದೂಕಿದೆ, ಹಿತ್ತಲ ಬಾಗಿಲೇ ಇಲ್ಲ. ದಾವಣಗೆರೆಯ ನಮ್ಮ ಮನೆಗೆ ನಾನೂ ಹೀಗೇ ಲೆಕ್ಕ ಹಾಕಿದ್ದೆ. ಮುಂಬಾಗಿಲಿಗೆ ತೇಗ, ದುಬಾರಿ ಲಾಕು, ನಾಲ್ಕು ಮೂಲೆಗೆ ನಾಲ್ಕು ಕ್ಯಾಮೆರಾ. ಹರಿಹರಕ್ಕೆ ಮದುವೆಗೆ ಹೋಗಿ ಉಳಿದ ರಾತ್ರಿ ಕಳ್ಳರು ಹಿತ್ತಲಿಂದ ಬಂದರು. ಕ್ಯಾಮೆರಾ ಕಂಡದ್ದನ್ನು ರೆಕಾರ್ಡ್ ಮಾಡುವ ಪೆಟ್ಟಿಗೆ, ಅಂದರೆ ಡಿವಿಆರ್, ಟಿವಿ ಪಕ್ಕದಲ್ಲೇ ಇತ್ತು, ಅದನ್ನೂ ಎತ್ತಿಕೊಂಡು ಹೋದರು.

ಕೈಕೊಟ್ಟಿದ್ದು ಬೀಗ ಅಲ್ಲ, ಮುಕ್ಕಾಲು ಇಂಚಿನ ಸ್ಕ್ರೂ. ಬಿಡಿಸಿ ಹೇಳ್ತೀನಿ, ನಿಮ್ಮ ಮನೇಲೂ ಬಹುಶಃ ಅದೇ ಇರುತ್ತೆ. ಹಿತ್ತಲ ಬಾಗಿಲು ಒಳಕ್ಕೆ ತೆರೆಯುತ್ತದೆ. ಚಿಲಕದ ಸರಳು ಚೌಕಟ್ಟಿಗೆ ಹೊಡೆದ ಪುಟ್ಟ ಕೊಂಡಿಯೊಳಗೆ ಕೂರುತ್ತದೆ. ಹೊರಗಿನಿಂದ ಭುಜ ಕೊಟ್ಟು ನೂಕಿದರೆ ಸರಳಿಗೆ ಏನೂ ಆಗುವುದಿಲ್ಲ. ಬಲವೆಲ್ಲ ಬೀಳುವುದು ಕೊಂಡಿ ಹಿಡಿದಿರುವ ಎರಡು ಸ್ಕ್ರೂ ಮೇಲೆ, ಅದೂ ಮರದಿಂದ ನೇರ ಕಿತ್ತು ಬರುವ ದಿಕ್ಕಿನಲ್ಲೇ. ತಗಡಿನ ದಪ್ಪ ಕಳೆದರೆ ಮರದೊಳಗೆ ಇರುವುದು ಅರ್ಧ ಇಂಚು ಚಿಲ್ಲರೆ. ಸಾಲದ್ದಕ್ಕೆ ನಮ್ಮ ಬಡಗಿ ಸ್ಕ್ರೂವನ್ನು ಮೊಳೆ ಹಾಗೆ ಸುತ್ತಿಗೆಯಲ್ಲಿ ಬಡಿದು, ಕೊನೆಗೆ ಶಾಸ್ತ್ರಕ್ಕೆ ಎರಡು ಸುತ್ತು ತಿರುಗಿಸಿದ್ದ. ಬಡಿದರೆ ಮರದ ನಾರು ಹರಿದು ತೂತು ನುಣ್ಣಗಾಗುತ್ತದೆ, ಥ್ರೆಡ್ ಕಚ್ಚುವುದೇ ಇಲ್ಲ. ಕಿತ್ತುಬಂದ ಕೊಂಡಿ ಕೈಗೆತ್ತಿಕೊಂಡಾಗ ಎರಡೂ ಸ್ಕ್ರೂ ಅಂಗಡಿಯಿಂದ ತಂದ ಹಾಗೆ ನೆಟ್ಟಗಿದ್ದವು.

ಸರಿಮಾಡುವ ರೀತಿ ಹೀಗೆ. ಕೊಂಡಿಯ ಜಾಗಕ್ಕೆ 3 ಮಿಮೀ ದಪ್ಪ, 8 ಇಂಚು ಉದ್ದದ ಕಬ್ಬಿಣದ ಪಟ್ಟಿಗೆ ಬಲವಾದ ಕೊಂಡಿ ವೆಲ್ಡ್ ಮಾಡಿಸಿ. ಪಟ್ಟಿಗೆ ಆರು ತೂತು, ಒಂದೇ ಗೆರೆಯಲ್ಲಿ ಬೇಡ, ಮರ ಸೀಳುತ್ತದೆ, ಹಿಂದೆಮುಂದೆ ಇರಲಿ. ಚೌಕಟ್ಟು 4 ಇಂಚು ಆಳ ಇದ್ದರೆ 3 ಇಂಚಿನ, 10ನೇ ನಂಬರ್ ಸ್ಕ್ರೂ ಹಾಕಿ. ಮೊದಲು ಸಣ್ಣ ಬಿಟ್‌ನಲ್ಲಿ ತೂತು ಕೊರೆದು, ಸ್ಕ್ರೂಗೆ ಸೋಪು ಸವರಿ ಪೂರ್ತಿ ತಿರುಗಿಸಿಯೇ ಇಳಿಸಬೇಕು. ಬಡಗಿ ಪಕ್ಕದಲ್ಲೇ ನಿಂತುಕೊಳ್ಳಿ, ಚಹಾ ತರೋಕೆ ಒಳಗೆ ಹೋದರೆ ಸುತ್ತಿಗೆ ಹೊರಗೆ ಬರುತ್ತೆ. ಬಾಗಿಲಿನ ಕಡೆ ಚಿಲಕಕ್ಕೆ ಸ್ಕ್ರೂ ಬೇಡ. ಬಾಗಿಲನ್ನು ತೂರಿ ಆಚೆ ಬರುವ ಬೋಲ್ಟ್ ಹಾಕಿ, ಉರುಟು ತಲೆ ಹೊರಗೆ, ನಟ್ಟು ಒಳಗೆ. ಕೆಳಗೊಂದು ಚಿಲಕ ನೆಲಕ್ಕಿಳಿಯಲಿ. ಹಳೇ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಹಾಯುವ ಅಗುಳಿ ಇರುತ್ತಿತ್ತಲ್ಲ, ಅದಕ್ಕೆ ಸಮನಾದದ್ದು ಇವತ್ತಿಗೂ ಇಲ್ಲ. ಬಚ್ಚಲಿನ ವೆಂಟಿಲೇಟರ್ ಗಾಜಿನ ಪಟ್ಟಿಗಳನ್ನು ಹೊರಗಿನಿಂದ ಒಂದೊಂದೇ ಎಳೆದು ತೆಗೆಯಬಹುದು, ಅಲ್ಲಿಗೂ ಗ್ರಿಲ್ ಬೇಕು.

ಕ್ಯಾಮೆರಾ ಆಮೇಲೆ. ಎರಡು ಸಾಕು: ಗೇಟಿಗೊಂದು, ಹಿತ್ತಲಿಗೊಂದು. ಡಿವಿಆರ್ ಅಟ್ಟದ ಮೇಲಿರಲಿ, ಇನ್ವರ್ಟರ್ ಲೈನಿನಲ್ಲಿರಲಿ. ಕರೆಂಟು ಹೋದಾಗ ಕಣ್ಮುಚ್ಚುವ ಕ್ಯಾಮೆರಾ ಇದ್ದೂ ಇಲ್ಲದ ಹಾಗೆ.

ಬಂದೂಕು ಬೇಡವೇ ಬೇಡ. ಕೊಡಗಿನ ಕೊಡವರಿಗಿರುವ ಲೈಸೆನ್ಸ್ ವಿನಾಯಿತಿ ನಮಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು, ಚುನಾವಣೆ ಬಂದಾಗ ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಬೇಕು. ಬೀರುವಿನ ಬೀಗ ತೆಗೆದು, ಕನ್ನಡಕ ಹುಡುಕಿ, ಕತ್ತಲಲ್ಲಿ ಅಪ್ಪ ಗುರಿ ಇಡುವುದನ್ನು ಒಮ್ಮೆ ಊಹಿಸಿಕೊಳ್ಳಿ. ಕಾಂಪೌಂಡ್ ತಂತಿಗೆ ಕರೆಂಟು ಬಿಡುವ ಯೋಚನೆ ಯಾರಾದರೂ ಕೊಟ್ಟರೆ ಅದನ್ನೂ ಬಿಡಿ, ಪಕ್ಕದ ಮನೆ ಮಗು ಮುಟ್ಟಿದರೂ ಅದು ಹೊಡೆಯುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ, ಆದರೆ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಸಿಕ್ಕ ಕಳ್ಳನನ್ನು ಕಂಬಕ್ಕೆ ಕಟ್ಟಿ ಹೊಡೆದರೆ ಕೇಸು ನಿಮ್ಮ ಮೇಲೆ.

ನಿಮ್ಮೂರಿನ ಓಬವ್ವನ ಕಿಂಡಿ ನೋಡಿದ್ದೀರಲ್ಲ? ಅಲ್ಲಿ ಒನಕೆಯಷ್ಟೇ ಕೆಲಸ ಮಾಡಿದ್ದು ಕಿಂಡಿಯ ಇಕ್ಕಟ್ಟು. ಒಬ್ಬೊಬ್ಬನೇ ತೂರಿ ಬರಬೇಕಿತ್ತು. ಅಮ್ಮ ದೊಣ್ಣೆ ಹಿಡಿದು ಹಿತ್ತಲ ಬಯಲಿಗೆ ಹೋದರೆ ಆ ಅನುಕೂಲ ಇಲ್ಲ. ಸದ್ದಾದರೆ ಇಬ್ಬರೂ ಮಲಗುವ ಕೋಣೆ ಸೇರಿ ಚಿಲಕ ಹಾಕಿಕೊಳ್ಳಲಿ, ಲೈಟು ಹಾಕಿ ಕೂಗಲಿ, 112ಕ್ಕೆ ಫೋನ್ ಮಾಡಲಿ. ಚಾರ್ಜ್ ಆದ ಫೋನು, ಟಾರ್ಚು, ಕನ್ನಡಕ ರಾತ್ರಿ ಆ ಕೋಣೆಯಲ್ಲೇ ಇರಬೇಕು. ಹೊಸ ಬಡಾವಣೆಯಲ್ಲಿ ಕ್ರಾಸ್ ಬೋರ್ಡೇ ಇರಲ್ಲ. ಗಾಬರಿಯಲ್ಲಿ ವಿಳಾಸ ಬಾಯಿಗೆ ಬರಲ್ಲ. ಬಡಾವಣೆ, ಎಷ್ಟನೇ ಕ್ರಾಸು, ಹತ್ತಿರದ ಗುಡಿ ಯಾವುದು ಅಂತ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಈ ಭಾನುವಾರ ಊರಿಗೆ ಹೋದಾಗ ಹಿತ್ತಲ ಕೊಂಡಿಯ ಒಂದು ಸ್ಕ್ರೂ ಬಿಚ್ಚಿ. ಅರ್ಧ ಸುತ್ತು ತಿರುಗಿಸುವಷ್ಟರಲ್ಲೇ ಸಡಿಲವಾಗಿ ಕೈಗೆ ಬಂದರೆ ಬಹುಶಃ ಅದನ್ನು ಸುತ್ತಿಗೆಯಲ್ಲೇ ಬಡಿದಿದ್ದಾರೆ. ಉದ್ದ ಎಷ್ಟಿತ್ತು ಅಂತ ತಿಳಿಸಿ, ಚೌಕಟ್ಟಿನ ಅಳತೆಯನ್ನೂ ಹೇಳಿದರೆ ಎಷ್ಟು ಇಂಚಿನದು ತರಬೇಕು ಅಂತ ಹೇಳ್ತೀನಿ.