ಪ್ರತಿಕ್ರಿಯೆ: ಸ್ವಾರ್ಥವನ್ನು ಹೊಗಳಿದ ಆ್ಯಡಂ ಸ್ಮಿತ್ ನೀತಿಯ ಪುಸ್ತಕ ಬರೆದದ್ದು ಹೇಗೆ?

18ನೇ ಶತಮಾನದ ಅರ್ಥಶಾಸ್ತ್ರಜ್ಞ ಸ್ಮಿತ್ ಬಗ್ಗೆ ಪ್ರಬಂಧ ಬರೆಯುವಾಗ ನಿಮಗಾದ ಈ ಗೊಂದಲಕ್ಕೆ ಕಾರಣ ಬಹುಶಃ ಪ್ರಶ್ನೆಯಲ್ಲಿ ನೀವು ಹಾಕಿರುವ ಅವನ ಆ ಒಂದೇ ವಾಕ್ಯ. ನಮಗೆ ಊಟ ಸಿಗುವುದು ಕಟುಕನ, ಬ್ರೆಡ್ ಮಾಡುವವನ ದಯೆಯಿಂದಲ್ಲ, ಅವರವರ ಲಾಭದ ಯೋಚನೆಯಿಂದ ಅನ್ನುವುದು. ಗೈಡುಗಳಲ್ಲಿ ಅದೊಂದನ್ನೇ ಕಿತ್ತು ಹಾಕಿರುತ್ತಾರೆ. ಸೆಮಿನಾರಿನಲ್ಲಿ ನಾನೂ ಇಲ್ಲೇ ಸಿಕ್ಕಿಬಿದ್ದಿದ್ದೆ.

ಮೊದಲು ಆ ವಾಕ್ಯ ಬರುವ ಅವನ ಅರ್ಥಶಾಸ್ತ್ರದ ಪುಸ್ತಕ ‘ವೆಲ್ತ್ ಆಫ್ ನೇಷನ್ಸ್’ (1776), ಅದರ ಮೊದಲ ಭಾಗದ 2ನೇ ಅಧ್ಯಾಯ ಪೂರ್ತಿ ಓದಿ. ಚಿಕ್ಕದೇ. ಆ ವಾಕ್ಯಕ್ಕಿಂತ ಸ್ವಲ್ಪ ಮೇಲೆ ಸ್ಮಿತ್ ಹೇಳುತ್ತಾನೆ: ಮನುಷ್ಯನಿಗೆ ಯಾವಾಗಲೂ ಎಷ್ಟೋ ಜನರ ನೆರವು ಬೇಕು, ಆದರೆ ಇಡೀ ಆಯುಷ್ಯದಲ್ಲಿ ಗಳಿಸುವ ಸ್ನೇಹಿತರು ಬೆರಳೆಣಿಕೆಯಷ್ಟು. ಅಂದರೆ ಗುರುತಿಲ್ಲದವರ ನಡುವೆ ಕೊಡುಕೊಳ್ಳುವಿಕೆ ಹೇಗೆ ನಡೆಯುತ್ತದೆ ಅನ್ನುವ ವಿವರಣೆ ಅದು. ಸ್ವಾರ್ಥಿಗಳಾಗಿ ಅನ್ನುವ ಉಪದೇಶವಲ್ಲ.

ಆಮೇಲೆ ನೀವು ಕೇಳಿದ ನೀತಿಯ ಪುಸ್ತಕ, ‘ಥಿಯರಿ ಆಫ್ ಮಾರಲ್ ಸೆಂಟಿಮೆಂಟ್ಸ್’ (1759). ಪೂರ್ತಿ ಬೇಡ. ಮೊದಲ ವಾಕ್ಯದಲ್ಲೇ, ಮನುಷ್ಯ ಎಷ್ಟೇ ಸ್ವಾರ್ಥಿಯಾದರೂ ಬೇರೆಯವರ ಸುಖ ಅವನಿಗೆ ಮುಖ್ಯವಾಗುತ್ತದೆ ಅನ್ನುತ್ತಾನೆ. ಮುಂದೆ, ಶ್ರೀಮಂತರನ್ನು ಮೆಚ್ಚಿ ಬಡವರನ್ನು ಕಡೆಗಣಿಸುವ ಬುದ್ಧಿಯೇ ನೀತಿ ಕೆಡಿಸುತ್ತದೆ ಅನ್ನುವ ಅಧ್ಯಾಯ ಇದೆ. ಅದನ್ನು ಸೇರಿಸಿದ್ದು 1790ರ ಆವೃತ್ತಿಯಲ್ಲಿ, ಅವನು ತೀರಿಕೊಂಡ ವರ್ಷ. ‘ವೆಲ್ತ್ ಆಫ್ ನೇಷನ್ಸ್’ ಬರೆದ ಮೇಲೆ ನೀತಿಯ ಹಳೆ ವಿಚಾರ ಬಿಟ್ಟಿದ್ದರೆ ಈ ಪುಸ್ತಕವನ್ನು ಸುಮ್ನೆ ತಿದ್ದುತ್ತಾ ಕೂರುತ್ತಿರಲಿಲ್ಲ, ಅಲ್ವಾ?

‘ಸ್ಮಿತ್ ವ್ಯಾಪಾರಿಗಳ ಪರ’ ಅಂತ ಬರೆಯುವ ಮುಂಚೆ ‘ವೆಲ್ತ್ ಆಫ್ ನೇಷನ್ಸ್’ ಮೊದಲ ಭಾಗದ 10ನೇ ಅಧ್ಯಾಯವನ್ನೂ ನೋಡಿ. ಒಂದೇ ಕಸುಬಿನವರು ಮೋಜಿಗೆ ಸೇರಿದರೂ ಮಾತು ಬೆಲೆ ಏರಿಸುವ ಸಂಚಿಗೇ ತಿರುಗುತ್ತದೆ ಅಂತ ಬೈದಿದ್ದಾನೆ.

ಎರಡೂ ಪುಸ್ತಕ ಪೂರ್ತಿ ಹೊಂದುತ್ತವೆಯೇ ಅನ್ನುವುದರಲ್ಲಿ ಒಮ್ಮತವಿಲ್ಲ. 19ನೇ ಶತಮಾನದ ಜರ್ಮನ್ ವಿದ್ವಾಂಸರು ಇದಕ್ಕೆ ‘ಆ್ಯಡಂ ಸ್ಮಿತ್ ಸಮಸ್ಯೆ’ ಅಂತಲೇ ಹೆಸರಿಟ್ಟಿದ್ದರು. ಹಾಗಾಗಿ ಪ್ರಬಂಧದಲ್ಲಿ ‘ವಿರೋಧವೇ ಇಲ್ಲ’ ಅನ್ನಬೇಡಿ. ಈ ಮೂರು ಅಧ್ಯಾಯ ತೋರಿಸಿ, ‘ನನ್ನ ಓದು ಹೀಗೆ’ ಅಂತ ಬರೆಯಿರಿ.