ಕ್ಯಾಸಲ್‌ರಾಕ್ ಸ್ಟೇಷನ್ ಯಾಕೆ ಹೀಗಾಯಿತು?

ಪ್ರಶ್ನೆ: ಗೋವಾಕ್ಕೆ ಹೋಗುವಾಗ ನಮ್ಮ ರೈಲು ಕ್ಯಾಸಲ್‌ರಾಕ್‌ನಲ್ಲಿ ಸುಮಾರು ಹೊತ್ತು ನಿಂತಿತ್ತು. ಸುತ್ತ ಬರೀ ಕಾಡು, ಇಳಿಯುವವರೇ ಇಲ್ಲ. ಹಿಂದೆ ಇದು ಭಾರೀ ಸ್ಟೇಷನ್ ಆಗಿತ್ತು ಅಂತ ನಮ್ಮಜ್ಜ ಹೇಳುತ್ತಿದ್ದರು. ಹೌದಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಹೌದು, ಅಜ್ಜ ಹೇಳಿದ್ದು ಸರಿ. ಜೋಯಿಡಾ ತಾಲೂಕಿನ ಈ ಪುಟ್ಟ ಊರು ಆಗ ದೇಶದ ಗಡಿ. ಗೋವಾ ಪೋರ್ಚುಗೀಸರ ಕೈಯಲ್ಲಿತ್ತಲ್ಲ, ಆ ಕಡೆಯಿಂದ ಅವರ ಮೀಟರ್ ಗೇಜ್ ಹಳಿ ಘಾಟ್ ಹತ್ತಿ ಬಂದು ಇಲ್ಲಿ ಬ್ರಿಟಿಷ್ ಇಂಡಿಯಾದ ಹಳಿಗೆ ಸೇರುತ್ತಿತ್ತು. 1878ರ ಒಪ್ಪಂದದಿಂದ ಶುರುವಾದ ಕೆಲಸ ಅದು. 1888ರ ಹೊತ್ತಿಗೆ ಮರ್ಮಗೋವಾ ಬಂದರಿನಿಂದ ಇಲ್ಲಿವರೆಗೆ ರೈಲು ಬಂತು. ಗಡಿ ಅಂದಮೇಲೆ ಕಸ್ಟಮ್ಸ್ ಇರಲೇಬೇಕು. ಘಾಟ್ ಕೆಳಗೆ ಕುಲೆಂನಲ್ಲಿ ಅವರ ತಪಾಸಣೆ, ಮೇಲೆ ಇಲ್ಲಿ ನಮ್ಮದು. ಪೆಟ್ಟಿಗೆ ಬಿಚ್ಚಿಸಿ ನೋಡುವ ತನಕ ಗಾಡಿ ಹೊರಡುವ ಹಾಗಿಲ್ಲ, ಹಾಗಾಗಿ ಸ್ಟೇಷನ್ ತುಂಬಾ ಜನ.

1955ರಲ್ಲಿ ಗೋವಾ ವಿಮೋಚನೆಯ ಹೋರಾಟ ಜೋರಾದಾಗ ರೈಲೇ ನಿಂತುಹೋಯಿತು. 1961ರ ಡಿಸೆಂಬರ್‌ನಲ್ಲಿ ಗೋವಾ ನಮ್ಮದಾಯಿತು. ಗಡಿಯೇ ಇಲ್ಲ ಅಂದಮೇಲೆ ಕಸ್ಟಮ್ಸ್‌ಗೇನು ಕೆಲಸ? ಇಂಥ ಕಾರಣಕ್ಕೆ ಕಳೆಗುಂದಿದ ಸ್ಟೇಷನ್ ಬಗ್ಗೆ ಮರುಗುವ ಅಗತ್ಯ ಇಲ್ಲ ಅಂತ ನನಗನಿಸುತ್ತೆ. ಆಮೇಲೂ ಮುಂಬೈ ಕಡೆಯವರು ಮೀರಜ್‌ನಲ್ಲಿ ಗಾಡಿ ಬದಲಿಸಿ ಇದೇ ದಾರಿಯಲ್ಲಿ ಗೋವಾಕ್ಕೆ ಇಳಿಯುತ್ತಿದ್ದರು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಯಿತು, ಆ ಪ್ರಯಾಣಿಕರೂ ಕಡಿಮೆಯಾದರು.

ಆದ್ರೆ ಪೂರ್ತಿ ಮುಚ್ಚಿಹೋಯಿತು ಅಂದುಕೊಳ್ಳಬೇಡಿ. ನಿಮ್ಮ ರೈಲು ಸುಮ್ನೆ ನಿಂತಿರಲಿಲ್ಲ. ಇಲ್ಲಿಂದ ಕುಲೆಂವರೆಗಿನ ಸುಮಾರು 26 ಕಿಲೋಮೀಟರ್ ಘಾಟ್‌ನಲ್ಲಿ 37 ಮೀಟರ್ ಹೋದರೆ 1 ಮೀಟರ್ ಇಳಿಜಾರು, ರೈಲಿನ ಮಟ್ಟಿಗೆ ಇದು ತುಂಬಾ ಜಾಸ್ತಿ. ಹತ್ತುವ ಗಾಡಿಗೆ ಒಂದು ಎಂಜಿನ್‌ನ ದಮ್ಮು ಸಾಲದು, ಹಿಂದಿನಿಂದ ಬ್ಯಾಂಕರ್ ಎಂಜಿನ್‌ಗಳು ತಳ್ಳಬೇಕು. ಇಳಿಯುವಾಗ ಗಾಡಿ ಕೈತಪ್ಪದ ಹಾಗೆ ತಡೆಯೋದಕ್ಕೂ ಅವೇ ಬೇಕು. ಅವನ್ನು ಜೋಡಿಸಿ, ಬ್ರೇಕ್ ಪರೀಕ್ಷೆ ಮಾಡಿ ಬಿಡುವಷ್ಟರಲ್ಲಿ ಹೊತ್ತಾಗುತ್ತೆ. ಈಗ ಇಲ್ಲಿ ಕಲ್ಲಿದ್ದಲಿನ ಗೂಡ್ಸ್ ಗಾಡಿಗಳದ್ದೇ ದರ್ಬಾರು. ಎರಡನೇ ಹಳಿ ಹಾಕುವ ಯೋಜನೆಗೆ ಸಿಕ್ಕಿದ್ದ ವನ್ಯಜೀವಿ ಅನುಮತಿಯನ್ನು 2022ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಅಂದಹಾಗೆ, ಮುಂದಿನ ಸಲ ಇಲ್ಲೇ ಇಳಿದು ಹಳಿ ಮೇಲೆ ನಡೆದು ದೂಧಸಾಗರಕ್ಕೆ ಹೋಗೋಣ ಅಂತಿದ್ದರೆ ಬೇಡ, ಅದಕ್ಕೆ ನಿಷೇಧ ಇದೆ.