ಧೈರ್ಯದ ಪಾಠ ಬಿಡಿ, ಡೋಸ್‌ನಿಂದ ಶುರು ಮಾಡಿ

ಡಾಕ್ಟರ್ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ನರ್ಸಿಂಗ್ ವಿದ್ಯಾರ್ಥಿಗಳಿಗೆ ಧೈರ್ಯ ತುಂಬುವುದು ಹೇಗೆ, ಸಾಮಾಜಿಕ ರೂಢಿಗಳನ್ನು ಪ್ರಶ್ನಿಸಲು ಕಲಿಸುವುದು ಹೇಗೆ ಅಂತ ಕೇಳಿದ್ದೀರಿ. ಟ್ಯೂಟರ್ ಆದ ಹೊಸದರಲ್ಲಿ ನನ್ನ ತಲೆಯಲ್ಲೂ ಇದೇ ಇತ್ತು. ಈಗ ಹೇಳುತ್ತೇನೆ, ಕೊರತೆ ಧೈರ್ಯದ್ದಲ್ಲ.

ಅಮೆರಿಕದ ಮನೋವೈದ್ಯ ಚಾರ್ಲ್ಸ್ ಹಾಫ್ಲಿಂಗ್ 1966ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಅಪರಿಚಿತ ‘ಡಾಕ್ಟರ್’ ಒಬ್ಬ ವಾರ್ಡಿಗೆ ಫೋನ್ ಮಾಡಿ, ಹೆಸರೇ ಕೇಳಿರದ ಔಷಧಿ 20 ಮಿಲಿಗ್ರಾಂ ಕೊಡಿ ಅಂದ. ಗರಿಷ್ಠ 10 ಮಿಲಿಗ್ರಾಂ ಅಂತ ಡಬ್ಬಿಯ ಮೇಲೇ ಬರೆದಿತ್ತು. 22 ನರ್ಸ್‌ಗಳಲ್ಲಿ 21 ಮಂದಿ ಕೊಡಲು ಹೊರಟರು. 1977ರಲ್ಲಿ ಬೇರೆಯವರು ನರ್ಸ್‌ಗಳಿಗೆ ಪರಿಚಿತವಾದ ವ್ಯಾಲಿಯಂ ಔಷಧಿಯ ಅತಿ ಡೋಸ್ ಇಟ್ಟು, ಜೊತೆಯವರನ್ನು ಕೇಳಲು ಅವಕಾಶ ಕೊಟ್ಟು ನೋಡಿದಾಗ 18ರಲ್ಲಿ 16 ಮಂದಿ ಕೊಡಲಿಲ್ಲ. ಡೋಸ್ ಗೊತ್ತಿತ್ತು, ಕೇಳಲು ಪಕ್ಕದಲ್ಲಿ ಜನ ಇದ್ದರು. ನೀವು ಕಲಿಸಬೇಕಾದದ್ದು ಈ ಎರಡನ್ನೇ.

ರಕ್ತದಲ್ಲಿ ಪೊಟ್ಯಾಷಿಯಂ ಕಡಿಮೆಯಾದಾಗ ಕೊಡುವ ಪೊಟ್ಯಾಷಿಯಂ ಕ್ಲೋರೈಡ್ ತೆಗೆದುಕೊಳ್ಳಿ. 15 ಶೇಕಡಾದ 10 ಎಂಎಲ್ ಆಂಪ್ಯೂಲ್‌ನಲ್ಲಿ 20 ಎಂಇಕ್ಯೂ (ಮಿಲಿಈಕ್ವಿವಲೆಂಟ್, ಲವಣದ ಪ್ರಮಾಣದ ಅಳತೆ) ಇರುತ್ತದೆ. ನೇರ ಪುಶ್ ಕೊಟ್ಟರೆ, ಅಂದರೆ ಸಲೈನ್‌ಗೆ ಬೆರೆಸದೆ ನರಕ್ಕೆ ಒಮ್ಮೆಲೇ ಚುಚ್ಚಿದರೆ, ಹೃದಯ ನಿಲ್ಲಬಹುದು. ತರಗತಿಯಲ್ಲಿ ಇದನ್ನು ನಾಟಕದಂತೆ ಆಡಿಸಿ: ಒಬ್ಬರು ಡಾಕ್ಟರಾಗಿ ಫೋನಿನಲ್ಲಿ "ಪುಶ್ ಕೊಡು, ಬೇಗ" ಅಂತ ಗದರಲಿ. ಮೊದಲ ಸಲ ಹೆಚ್ಚಿನವರು "ಸರ್, ಅದು ಸರೀನಾ?" ಅನ್ನುತ್ತಾರೆ. ಅತ್ತಲಿಂದ "ಹೂಂ" ಬರುತ್ತದೆ, ಕಥೆ ಮುಗಿಯಿತು. ಬೇಕಾದ ಮಾತು ಹೀಗೆ: "20 ಎಂಇಕ್ಯೂ ಪುಶ್ ಅಂದಿರಿ ಸರ್. ಹಾಗೆ ಕೊಟ್ಟರೆ ಕಾರ್ಡಿಯಾಕ್ ಅರೆಸ್ಟ್ ಆಗಬಹುದು, ಕೊಡುವುದಿಲ್ಲ. 500 ಎಂಎಲ್ ಸಲೈನ್‌ನಲ್ಲಿ ಹಾಕಿ ಎರಡು ಗಂಟೆಯಲ್ಲಿ ಬಿಡಲೇ?" ಆದೇಶ ಓದಿ ಹೇಳುವುದು, ಅಪಾಯ ಹೆಸರಿಸುವುದು, ಬದಲಿ ಮುಂದಿಡುವುದು. ಎರಡು ಸಲ ಹೇಳಿಯೂ ಕೇಳದಿದ್ದರೆ ಇನ್‌ಚಾರ್ಜ್ ಸಿಸ್ಟರ್‌ಗೆ ತಿಳಿಸಿ, ಕೇಸ್ ಶೀಟ್‌ನಲ್ಲಿ ಸಮಯ ಹಾಕಿ ಬರೆಯಬೇಕು. ಪಾತ್ರ ಅದಲುಬದಲು ಮಾಡಿ. ಡಾಕ್ಟರ್ ಪಾತ್ರಕ್ಕೆ ತರಗತಿಯ ಮೆತ್ತಗಿನವರನ್ನೇ ಹಾಕಿ, ಅವರು ಗದರುವ ಜೋರು ನೋಡಿದರೆ ಇಷ್ಟು ದಿನ ಏನು ಕೇಳಿಸಿಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಕೆಲಸ ಕೆಡುವುದು ಒಂದೇ ಕಡೆ: ಇಂಟರ್ನಲ್ ಮಾರ್ಕ್ಸ್. ‘ನಡತೆ’ ಅನ್ನುವ ಕಾಲಂನಲ್ಲಿ ನಾವು ಅಳೆಯುವುದು ಏನನ್ನು? ಎದುರು ಮಾತಾಡದಿರುವುದನ್ನು. ಮ್ಯಾಡಂ ಬೋರ್ಡಿನಲ್ಲಿ ಡ್ರಿಪ್ ಲೆಕ್ಕ ತಪ್ಪು ಮಾಡಿದಾಗ ಎತ್ತಿ ತೋರಿಸಿದ ಹುಡುಗಿಗೆ ಅಹಂಕಾರಿ ಅನ್ನುವ ಹೆಸರು ಬರುತ್ತದೆ, ಆ ಕಾಲಂನಲ್ಲಿ ಎರಡು ಮಾರ್ಕ್ಸ್ ಹೋಗುತ್ತದೆ. ಉಳಿದವರೆಲ್ಲ ಅದನ್ನು ನೋಡಿ ಪಾಠ ಕಲಿಯುತ್ತಾರೆ, ನಿಮ್ಮದಲ್ಲದ ಪಾಠ. ಟ್ಯೂಟರನ್ನೇ ಕೇಳಲಾಗದವಳು ಕನ್ಸಲ್ಟೆಂಟನ್ನು ಎಲ್ಲಿಂದ ಕೇಳಿಯಾಳು? ಆದ್ದರಿಂದ ಮೌಲ್ಯಮಾಪನ ಶೀಟ್ ಮೊದಲು ತಿದ್ದಿ. ‘ಆದೇಶವನ್ನು ಓದಿ ಖಚಿತಪಡಿಸಿಕೊಂಡರೇ, ಅನುಮಾನವನ್ನು ಕಾರಣ ಸಮೇತ ಹೇಳಿದರೇ’ ಅನ್ನುವುದಕ್ಕೆ ಅಂಕ ಇಡಿ. ನಿಮ್ಮ ಲೆಕ್ಕದಲ್ಲೂ ಬೇಕಂತಲೇ ಒಂದು ತಪ್ಪು ಬಿಡಿ, ಹಿಡಿದವರಿಗೆ ಅಲ್ಲೇ ಮಾರ್ಕ್ಸ್ ಹಾಕಿ.

ಸಾಮಾಜಿಕ ರೂಢಿಗಳ ಬಗ್ಗೆ ಬೇರೆ ಲೆಕ್ಚರ್ ಬೇಡ, ಒಪ್ಪಿಗೆ ಪತ್ರ ಸಾಕು. ಗರ್ಭಪಾತಕ್ಕೆ ಗಂಡನ ಸಹಿ ಕೇಳುವ ವಾರ್ಡುಗಳು ಇವತ್ತಿಗೂ ಇವೆ. 1971ರ ಎಂಟಿಪಿ (ವೈದ್ಯಕೀಯ ಗರ್ಭಪಾತ) ಕಾಯ್ದೆಯ ಪ್ರಕಾರ 18 ತುಂಬಿದ, ಮಾನಸಿಕ ಅಸ್ವಸ್ಥತೆ ಇಲ್ಲದ ಹೆಂಗಸಿನ ಒಪ್ಪಿಗೆಯೊಂದೇ ಸಾಕು. ಫಾರಂನ ಪ್ರತಿ ಸಾಲಿನ ಮುಂದೆ ‘ಕಾನೂನು’ ಅಥವಾ ‘ರೂಢಿ’ ಅಂತ ಗುರುತು ಹಾಕಿಸಿ.

ಇದನ್ನು ಕಲಿತವರನ್ನು ಹೇಳದೆ ಕೇಳದೆ ಲೇಬರ್ ವಾರ್ಡಿಗೆ ಕಳಿಸಬೇಡಿ. ಪೋಸ್ಟಿಂಗ್‌ಗೆ ಮೊದಲೇ ಅಲ್ಲಿನ ಇನ್‌ಚಾರ್ಜ್ ಜೊತೆ ಕೂತು, ವಿದ್ಯಾರ್ಥಿ ತಕರಾರು ಎತ್ತಿದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಹೆಸರು ಸಮೇತ ಗೊತ್ತು ಮಾಡಿಕೊಳ್ಳಿ. ಮೊದಲ ವಾರ ಆ ಹೆಸರು ನಿಮ್ಮದೇ ಇರಲಿ, ರಾತ್ರಿ ಪಾಳಿಗೂ.